ಕಾಕಾ ಕುಳ್ಳಿಗೆ ಕಟ್ಟು ಹಾಕಿಸಿದ್ದು

ನಮ್ಮ ಕಾಕಾನ ತಲೆ ನೆಟ್ಟಗಿಲ್ಲ ಎಂದು ನಮ್ಮೂರು ಕಮಲಾಪುರದಲ್ಲಿ ಎಲ್ಲರೂ ಹೇಳುತ್ತಿದ್ದರು. ಕಲಬುರಗಿಯಲ್ಲಿ ಮಾತ್ರ ಯಾರೂ ಹಾಗೆ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ, ನೋಡಿದ ಕೂಡಲೇ ತಿಳಿಯುತ್ತಿತ್ತು! ಮಡಿಧೋತರದಲ್ಲಿ ಸುತ್ತಿದ ಒಂದು ಕುಳ್ಳನ್ನು, ಹೌದ್ರೀ, ಒಲೆಗೆ ಹಾಕುವ ಸೆಗಣಿಯ ಕುಳ್ಳನ್ನು, ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡು, ‘ಇದಕ್ಕೊಂದು ಗಾಜಿನ ಕಟ್ಟು ಹಾಕಿಕೊಡ್ರಿ’ ಎಂದು ಅಂಗಡಿ ಅಂಗಡಿ ಅಲೆಯುವವನನ್ನು ಕಂಡರೆ ಯಾರಿಗಾದರೂ ಬಿಡಿಸಿ ಹೇಳಬೇಕೇ?

ಕಟ್ಟು ಎಂದರೆ ಈಗಿನವರು ಫ್ರೇಮ್ ಎನ್ನುತ್ತಾರಲ್ಲ, ಅದು. ದೇವರ ಪಟಕ್ಕೆ ಹಾಕಿಸುತ್ತಾರೆ, ತೀರಿಹೋದ ಹಿರಿಯರ ಫೋಟೋಕ್ಕೆ ಹಾಕಿಸುತ್ತಾರೆ. ಕುಳ್ಳಿಗೆ ಕಟ್ಟು ಹಾಕಿಸಿದವನು ಭೂಮಿಯ ಮೇಲೆ ನಮ್ಮ ಕಾಕಾ ಒಬ್ಬನೇ!

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಜೇವರ್ಗಿ ಕಾಲೋನಿಯ ಮನೆಯಲ್ಲಿ ನನ್ನ ಮೊಮ್ಮಗಳು ಬಾಣಂತಿ ಕೋಣೆಯಿಂದಲೇ ಕೂಗಿ ಕೇಳಿದಳು: ‘ಆಯಿ, ನಮ್ಮ ಕಲಬುರಗ್ಯಾಗ ಛಲೋ ಫ್ರೇಮ್ ಮಾಡೋ ಅಂಗಡಿ ಎಲ್ಲದ?’

‘ಯಾತಕ್ಕವ್ವ?’ ಎಂದೆ. ಅವಳು ತೋರಿಸಿದಳು. ನೋಡಿದ್ದೇ ತಡ, ನನಗೆ ನಗು ಹತ್ತಿತು ನೋಡಿ, ತೊಟ್ಟಿಲ ಕೂಸು ಬೆಚ್ಚಿ ಎದ್ದಿತು, ಸೊಸೆ ಒಲೆ ಮೇಲಿನ ಹಾಲು ಬಿಟ್ಟು ಓಡಿ ಬಂದಳು, ನನ್ನ ಹಲ್ಲಿನ ಸೆಟ್ಟು ನನ್ನ ಕೈಗೇ ಬಂತು! ಅವಳು ಏನು ತೋರಿಸಿದಳೆಂದು ಆಮೇಲೆ ಹೇಳುತ್ತೇನೆ. ಮೊದಲು ಕಾಕಾ. ಹಿರಿಯರು ಮೊದಲು ಉಣ್ಣಬೇಕಲ್ಲವೇ?

ಒಂದು ಮಾತು. ನಾನು ಓದಿದವಳಲ್ಲ. ನಮ್ಮ ಕಾಲದ ಸರ್ಕಾರಿ ಶಾಲೆಯಲ್ಲಿ ಎರಡು ವರ್ಷ ಉರ್ದುವಿನ ಅಲೀಫ್ ಬೇ ಕಲಿತೆ. ಕನ್ನಡದ ಅಕ್ಷರ ಕಲಿತದ್ದು ನನ್ನ ಮಕ್ಕಳ ಪಾಟಿ ನೋಡಿ. ಆದ್ದರಿಂದ ತಪ್ಪು ಕಂಡರೆ ತಿದ್ದಿಕೊಳ್ಳಿ, ಸಂತೋಷ ಹೆಚ್ಚಾಯಿತು ಅನಿಸಿದರೆ ಹಾಗೇ ಬಿಡಿ.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಮದುವೆ ಮಾಡಿಕೊಳ್ಳಲಿಲ್ಲ. ‘ಹೆಂಡ್ತಿಗೂ ನಂಗೂ ಜಗಳ ಆದ್ರ ಎತ್ತಿಗೆ ನೀರ ಕುಡಸೋರು ಯಾರು?’ ಎನ್ನುತ್ತಿದ್ದ. ಅವನಿಗೆ ಎತ್ತುಗಳೆಂದರೆ ಪ್ರಾಣ, ಮಾತಾಡುವುದೂ ಅವುಗಳ ಸಂಗಡವೇ. ಅದೂ ಯಾವ ಭಾಷೆಯಲ್ಲಿ? ಉರ್ದುವಿನಲ್ಲಿ! ‘ಚಲೋ ಮಿಯಾಂ’, ‘ರುಕೋ ಮಿಯಾಂ’ ಎಂದು ಅವನು ರೆಂಟೆ ಹೊಡೆಯುತ್ತಿದ್ದರೆ ದಾರಿಹೋಕರು ನಿಂತು ನೋಡುತ್ತಿದ್ದರು. ಕೇಳಿದರೆ, ‘ಸರ್ಕಾರದ ಭಾಷಾದಾಗ ಹೇಳಿದ್ರ ಎಂಥವೂ ಲಗೂನ ಕೇಳ್ತಾವ’ ಎಂಬ ಉತ್ತರ. ಮುಂದೆ ಪೊಲೀಸ್ ಆಕ್ಷನ್ ಆಯಿತು, ನಿಜಾಮನ ಸರ್ಕಾರ ಹೋಯಿತು. ಅದಾದ ಕೆಲವು ದಿನಕ್ಕೆ ನಮ್ಮಪ್ಪ ಹೊಲಕ್ಕೆ ಹೋಗಿ ನೋಡಿದರೆ ಎತ್ತುಗಳು ನಿಂತಿವೆ, ಕಾಕಾನೂ ನಿಂತಿದ್ದಾನೆ.

‘ಯಾಕೋ, ಹಿಂಗ್ಯಾಕ ನಿಂತೀದಿ?’

‘ಸರ್ಕಾರ ಬದಲಾಗ್ಯದಣ್ಣಾ. ಇನ್ನ ಯಾವ ಭಾಷಾದಾಗ ಹೊಡೀಬೇಕಂತ ಹುಕುಂ ಬರಬೇಕಲ್ಲ?’

ಆ ವರ್ಷ ಊರಿಗೆಲ್ಲ ಬಿತ್ತಿಗೆ ಮುಗಿದ ಮೇಲೆ ನಮ್ಮ ಹೊಲದ ಬಿತ್ತಿಗೆ!

ಇಂಥ ಕಾಕಾನನ್ನು ಹಿಡಿತದಲ್ಲಿ ಇಟ್ಟವಳು ಒಬ್ಬಳೇ, ಅವನ ಅವ್ವ, ಅಂದರೆ ನನ್ನ ಆಯಿ. ಆಯಿಯ ಬಲಗೈಯ ತೋರುಬೆರಳು ಅರ್ಧವೇ ಇತ್ತು, ಜೋಳ ಕೊಯ್ಯುವಾಗ ಕುಡಗೋಲಿಗೆ ಹೋದದ್ದು. ಆ ನಾಲ್ಕೂವರೆ ಬೆರಳಿನ ಕೈಯಿಂದ ಆಯಿ ಹಿತ್ತಲ ಗೋಡೆಗೆ ಕುಳ್ಳು ಬಡಿಯುತ್ತಿದ್ದಳು. ಗೋಡೆಯ ತುಂಬ ಸಾಲಾಗಿ ಅವಳ ಕೈ ಮೂಡುತ್ತಿತ್ತು. ಅವಳಿಗೆ ಸಹಿ ಬರುತ್ತಿರಲಿಲ್ಲ, ಆದರೆ ಅಷ್ಟು ಸಹಿಯನ್ನು ಯಾವ ತಹಸೀಲ್ದಾರನೂ ಮಾಡಿರಲಿಕ್ಕಿಲ್ಲ!

ಒಮ್ಮೆ ಬಾಜೂ ಮನೆಯಾಕೆ ನಮ್ಮ ಗೋಡೆಯಿಂದ ನಾಲ್ಕು ಕುಳ್ಳು ಕಿತ್ತು ತನ್ನ ಒಲೆಯ ಮುಂದಿಟ್ಟುಕೊಂಡಿದ್ದಳು. ಆಯಿ ನೇರ ಅವರ ಅಡುಗೆಮನೆಗೆ ಹೋಗಿ ನಿಂತಳು.

‘ಯಾರ ಕುಳ್ಳೇ ಇವು?’

‘ನನ್ನವೇ ಅತ್ತಿ, ನಾನೇ ಬಡದೀನಿ.’

‘ಹಂಗೇನು? ಹಂಗಾರ ನಿನ್ನ ಕೈ ತೋರಸು ನೋಡಾಮು. ಬಡಿಯೂ ಮುಂದ ಅರ್ಧಾ ಇದ್ದ ಬೆರಳು ಬೆಳಗಾಗೂದ್ರಾಗ ಪೂರಾ ಬೆಳೀತೇನು?’

ಆ ಹೆಂಗಸು ನಾಲ್ಕು ಕುಳ್ಳಿನ ಜೊತೆಗೆ ತನ್ನದೊಂದನ್ನು ಸೇರಿಸಿ ಕೊಟ್ಟು ಕಳುಹಿಸಿದಳು.

ಆಯಿಗೆ ಇನ್ನೊಂದು ರೂಢಿ. ಮನೆಯವರು ಯಾರು ಹೊಸ್ತಿಲು ದಾಟಿದರೂ ಓಡಿ ಬಂದು ಅವರ ತಲೆಯ ಮೇಲೆ ಕೈ ಇಡಬೇಕು. ಹೊಲಕ್ಕೆ ಹೋಗಲಿ, ಹತ್ತು ಮನೆಯಾಚೆಗೆ ಹೋಗಲಿ, ಕೈ ಇಡದೆ ಬಿಡುವವಳಲ್ಲ. ಆ ಕೈ ಎಲ್ಲಿಂದ ಬಂತು ಎಂಬ ಖಬರು ಅವಳಿಗೆ ಇರುತ್ತಿರಲಿಲ್ಲ. ಕಾಕಾ ಎಣ್ಣೆ ಹಚ್ಚಿ ಕ್ರಾಪು ತೀಡಿಕೊಂಡು ಹೊರಟನೆಂದರೆ ಹಿತ್ತಲಿಂದ ಆಯಿ, ಕೈ ತುಂಬ ಸೆಗಣಿ!

‘ಎವ್ವಾ, ಹೆಂಡಿ ಕೈ! ತೊಳಕೊಂಡರ ಇಡು!’ ಎಂದು ಕಾಕಾ ಹುತುತು ಆಟದವನ ಹಾಗೆ ಬಗ್ಗಿ ತಪ್ಪಿಸಿಕೊಳ್ಳುತ್ತಿದ್ದ.

‘ತೊಳಕೊಂಡು ಬರೂತನಾ ನೀ ನಿಂದರ್ತಿಯೇನಪ್ಪ?’ ಎಂದು ಆಯಿ ಅಂಗಳದ ತನಕ ಬೆನ್ನು ಹತ್ತುತ್ತಿದ್ದಳು. ದಿನ ಬೆಳಗಾದರೆ ಇದೇ ಆಟ. ನಾವು ಮಕ್ಕಳು ಕಟ್ಟೆಯ ಮೇಲೆ ಕೂತು ಬಿದ್ದು ಬಿದ್ದು ನಗುತ್ತಿದ್ದೆವು.

ರಜಾಕಾರರ ಗದ್ದಲ ಎದ್ದಾಗ ಊರಿನ ಗಂಡಸರು ಹೆಂಗಸರನ್ನೂ ಮಕ್ಕಳನ್ನೂ ಗಾಡಿ ಹೂಡಿ ಸರಹದ್ದಿನಾಚೆ ಸೋಲಾಪುರದ ಕಡೆಗೆ ಸಾಗಿಸಿದರು. ಕಾಕಾ ಎತ್ತು ಕಾಯುತ್ತೇನೆಂದು ಹಿಂದೆ ಉಳಿದ. ಗಾಡಿ ಬಂದು ನಿಂತಾಗಲೂ ಆಯಿ ಕುಳ್ಳು ಬಡಿಯುತ್ತಿದ್ದಳು. ಬೆಳಗಿನ ಸೆಗಣಿ ಹಾಗೇ ಬಿಟ್ಟು ಹೋಗುವುದುಂಟೇ? ಅದೇ ಕೈಯಲ್ಲಿ ಓಡಿ ಬಂದು ಕಾಕಾನ ತಲೆಗೆ ಕೈ ಚಾಚಿದಳು. ಅವನು ರೂಢಿಯಂತೆ ಬಗ್ಗಿದ, ತಪ್ಪಿಸಿಕೊಂಡ.

‘ಹೋಗಿ ಬಾ ಎವ್ವಾ, ಬಂದ ಮ್ಯಾಲ ಇಡುವಂತಿ’ ಎಂದ. ಗಾಡಿಯಲ್ಲಿದ್ದವರೆಲ್ಲ ನಕ್ಕರು. ಆಯಿಯೂ ನಕ್ಕಳು.

ಆಯಿ ಬರಲಿಲ್ಲ. ಸರಹದ್ದಿನಾಚೆ ಜ್ವರ ಬಂದು ಅಲ್ಲೇ ಮಣ್ಣಾದಳು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಒಂದೂ ಫೋಟೋ ತೆಗೆಸಿಕೊಂಡಿರಲಿಲ್ಲ. ತೆಗೆಸದಿದ್ದರೂ ಕಡಿಮೆಯೇ ಆಯಿತು.

ಪೊಲೀಸ್ ಆಕ್ಷನ್ ಆದ ಮೇಲೆ ನಾವು ತಿರುಗಿ ಬಂದಾಗ ಮನೆಯಲ್ಲಿ ಕಾಳಿಲ್ಲ, ಕೊಡವಿಲ್ಲ, ಕದ ಸಹ ಇಲ್ಲ; ಕಾಕಾ ಎತ್ತುಗಳ ಸಂಗಡ ಅಡವಿಯಲ್ಲಿ ಅಡಗಿದ್ದಾಗ ಎಲ್ಲ ಲೂಟಿಯಾಗಿತ್ತು. ಉಳಿದದ್ದು ಒಂದೇ, ಹಿತ್ತಲ ಗೋಡೆಯ ಕುಳ್ಳು. ಅವನ್ನೇ ಕಿತ್ತು ನನ್ನ ಅವ್ವ ಒಲೆ ಹೊತ್ತಿಸಿದಳು. ಹಸಿದಿದ್ದೆವು, ಅವುಗಳ ಮೇಲಿನ ಕೈಯನ್ನು ಯಾರೂ ನೋಡಲಿಲ್ಲ. ಹಲವು ದಿನ ಅವುಗಳ ಮೇಲೆಯೇ ರೊಟ್ಟಿ ಬೆಂದವು. ಕೊನೆಗೆ ಒಂದು ಉಳಿದಾಗ ಕಾಕಾ ಅದನ್ನು ಕೀಳಲು ಹೋಗಿ ಕೈ ಹಿಂದೆ ತೆಗೆದುಕೊಂಡ. ನಾಲ್ಕೂವರೆ ಬೆರಳು.

‘ವೈನಿ, ಇವತ್ತ ರೊಟ್ಟಿ ಬ್ಯಾಡ’ ಎಂದು ನನ್ನ ಅವ್ವನಿಗೆ ಹೇಳಿದ.

ಅಂದಿನಿಂದ ಆ ಕುಳ್ಳು ದೇವರ ಗೂಡಿನಲ್ಲಿ ಕುಳಿತಿತು. ಅಲ್ಲಿ ಇರುವೆ ಬಂದವು, ಇಲಿ ಬಂದು ಅಂಚು ಕಡಿಯಿತು. ಕಾಕಾ ರಾತ್ರಿಯೆಲ್ಲ ಕೋಲು ಹಿಡಿದು ಕಾಯತೊಡಗಿದ. ಅಷ್ಟರಲ್ಲಿ ಅವನಿಗೆ ಕಚೇರಿಯ ಗೋಡೆ ನೆನಪಾಯಿತು. ಅಲ್ಲಿ ನಿಜಾಮನ ಪಟ ಇಳಿಸಿ ಹೊಸ ಪಟ ಏರಿಸಿದ್ದರಲ್ಲ? ‘ರಾಜರು ಹೋಗ್ತಾರ, ಬರ್ತಾರ, ಖರೇ ಗಾಜಿನೊಳಗ ಇರೂತನಾ ಒಬ್ಬರಿಗೂ ಇರಿವಿ ಮುಟ್ಟಿಲ್ಲ ನೋಡು!’ ಎಂದ. ಹೊರಟೇಬಿಟ್ಟ ಕಲಬುರಗಿಗೆ.

ಬೀದರ ಕಡೆಯಿಂದ ಬರುವ ಮೋಟಾರಿನಲ್ಲಿ ಕಾಕಾ ಧೋತರದಲ್ಲಿ ಕಟ್ಟಿದ ಕುಳ್ಳಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತನಂತೆ. ಗುಂಡಿ ಬಂದಾಗಲೆಲ್ಲ ಗಂಟನ್ನು ಎತ್ತಿ ಹಿಡಿಯುವುದು, ತಾನು ಮಾತ್ರ ಕುಕ್ಕರಿಸುವುದು. ಎದುರಿಗೆ ಕೂತ ಮುದುಕಿ ಕೇಳಿದಳು:

‘ಏನಪಾ ಅದು, ಅಷ್ಟು ಜ್ವಾಕಿ ಮಾಡ್ಲಾಕತ್ತಿದಿ?’

‘ನಮ್ಮವ್ವನ ಫೋಟೋರೀ.’

‘ತೋರಸು ನೋಡಾಮು’ ಎಂದು ಮೋಟಾರಿಗೆ ಮೋಟಾರೇ ಕತ್ತು ಚಾಚಿತು. ಕಾಕಾ ಧೋತರ ಬಿಚ್ಚಿದ. ಗಂಟಿನೊಳಗೆ ಕುಳ್ಳು! ಮುದುಕಿ ಅಂದಳು, ‘ಅಯ್ಯ, ಇಂಥಾ ಫೋಟೋ ನಮ್ಮ ಮನ್ಯಾಗ ಒಂದು ಬಣವಿ ಅದಾವ ತಗೋ! ದಿನಾ ಎರಡು ಸುಡ್ತೀವಿ!’

ಆಗ ನಾನು ಹೊಸದಾಗಿ ಮದುವೆಯಾಗಿ ಕಲಬುರಗಿಯ ಬ್ರಹ್ಮಪುರದ ಗಂಡನ ಮನೆಗೆ ಬಂದಿದ್ದೆ. ಸೀರೆ ಸರಿಯಾಗಿ ಉಡಲು ಬಾರದ ವಯಸ್ಸು. ನಮ್ಮ ಅತ್ತೆ ಬಹಳ ಖಡಕ್ಕು; ಅವರು ಕೆಮ್ಮಿದರೆ ಮನೆಯ ಬೆಕ್ಕು ಸೆಟೆದು ಕೂರುತ್ತಿತ್ತು. ತವರಿನಿಂದ ಯಾರಾದರೂ ಬಂದಾರೇ ಎಂದು ದಿನಾ ಬಾಗಿಲು ನೋಡುತ್ತಿದ್ದವಳಿಗೆ ಕಾಕಾ ಕಂಡದ್ದೇ ಹಬ್ಬ! ಒಂದು ಕೈಯಲ್ಲಿ ನಮ್ಮೂರ ಕೆಂಪು ಬಾಳೆಹಣ್ಣಿನ ಚಿಪ್ಪು, ಇನ್ನೊಂದು ಕೈಯಲ್ಲಿ ಗಂಟು. ಹಣ್ಣು ನೋಡಿ ಅತ್ತೆಯ ಮುಖ ಅರಳಿತು. ಗಂಟಿನಲ್ಲಿ ಸೀರೆ ಇದ್ದೀತೆಂದು ಅವರೇ ಬಿಚ್ಚಿದರು.

‘ಬೀಗರ, ನಿಮ್ಮ ಕಡೀಗೆ ಬೀಗರ ಮನೀಗೆ ಕುಳ್ಳು ತರೂ ಪದ್ಧತಿ ಅದ ಏನು?’

‘ಇಲ್ರೀ ಅಕ್ಕಾವ್ರ, ಇದು ವಾಪಸ್ ಒಯ್ಯೂದದ.’

‘ಹೌದೇನು? ನಾ ಎಲ್ಲಿ ಸೊಸಿಗೆ ಸೀರಿ ತಂದೀರೇನೋ ಅನ್ಕೊಂಡೆ. ಒಯ್ರಿ ಒಯ್ರಿ, ನಮಗ ಕಟಗಿ ಅದಾವ.’

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಆದರೂ ಎಲ್ಲರೂ ಆಚೆ ಹೋದಾಗ ಆ ಕುಳ್ಳನ್ನು ಎತ್ತಿ ಮೂಗಿಗೆ ಹಿಡಿದೆ. ಒಣ ಸೆಗಣಿ, ಜೋಳದ ಕಣಕಿ, ಬಿಸಿಲು ಕಾಸಿದ ಮಣ್ಣಿನ ಗೋಡೆ. ನಮ್ಮ ಹಿತ್ತಲಿಗೆ ಹಿತ್ತಲೇ ಅದರೊಳಗಿತ್ತು. ಕಲಬುರಗಿಯಲ್ಲಿ ಅತ್ತರು ಮಾರುವವರು ಬೇಕಾದಷ್ಟು ಜನ ಇದ್ದರು. ಇಂಥ ವಾಸನೆ ಯಾರ ಹತ್ತಿರವೂ ಇರಲಿಲ್ಲ.

ಕಾಕಾ ಇಡೀ ದಿನ ಬಜಾರು ಸುತ್ತಿದ. ಮೊದಲ ಅಂಗಡಿಯವನು, ‘ಫೋಟೋ ತರ್ರಿ, ಉರುವಲ ತರಬ್ಯಾಡ್ರಿ’ ಎಂದ. ಎರಡನೆಯವನು ಬಹಳ ಸಮಾಧಾನಿ. ಒಂದು ದೇವಿಯ ಪಟ ತೋರಿಸಿ, ‘ಇದನ್ನ ಒಯ್ರಿ. ದೇವಿ ಅಂದ್ರೂ ತಾಯಿ, ತಾಯಿ ಅಂದ್ರೂ ದೇವಿ’ ಎಂದ. ಕಾಕಾ ಆ ಪಟವನ್ನು ಸೂಕ್ಷ್ಮವಾಗಿ ನೋಡಿ, ‘ಈಕೀಗೆ ಎಂಟು ಕೈ ಅದಾವ್ರೀ, ಎಲ್ಲಾ ಬೆರಳೂ ಪೂರಾ ಅದಾವ. ನಮ್ಮವ್ವ ಅಲ್ಲ’ ಎಂದು ಎದ್ದು ಬಂದನಂತೆ! ಇನ್ನೊಬ್ಬ ಕುಳ್ಳಿನ ದಪ್ಪ ನೋಡಿ, ‘ಕಟ್ಟಿನೊಳಗ ಕಾಗದ ಕೂಡತದ, ಕುಳ್ಳ ಕೂಡಬೇಕಂದ್ರ ಅರ್ಧಾ ಕೆತ್ತಬೇಕಾಗತದ’ ಎಂದು ಚಾಣ ಕೈಗೆತ್ತಿಕೊಂಡ. ಕಾಕಾ ಅಲ್ಲಿಂದ ಓಡಿದ ಓಟಕ್ಕೆ ಅವನ ಒಂದು ಚಪ್ಪಲಿ ಅಂಗಡಿಯಲ್ಲೇ ಉಳಿಯಿತು.

ಸಂಜೆ ಒಂದೇ ಚಪ್ಪಲಿಯಲ್ಲಿ ಬಂದವನು ಏನೂ ಉಣ್ಣದೆ ಪಡಸಾಲೆಯಲ್ಲಿ ಮಲಗಿದ. ಗಂಟನ್ನು ತಲೆದೆಸೆಗೆ ಇಟ್ಟುಕೊಂಡಿದ್ದ.

ಬೆಳಗ್ಗೆ ಕಾಕಾ ಮುಖ ತೊಳೆಯಲು ಹಿತ್ತಲಿಗೆ ಹೋದ. ಅತ್ತೆ ಪಡಸಾಲೆ ಗುಡಿಸುತ್ತ ಬಂದರು. ಕುಳ್ಳು ಇರಬೇಕಾದ ಜಾಗ ಯಾವುದು? ನೀವೇ ಹೇಳಿ, ಪಡಸಾಲೆಯೋ, ಬಚ್ಚಲ ಒಲೆಯೋ? ಅವರು ಧೋತರವನ್ನು ಮಡಿಚಿ ಗೂಟಕ್ಕೆ ಹಾಕಿದರು, ಕುಳ್ಳನ್ನು ಒಯ್ದು ನೀರೊಲೆಗೆ ಇಟ್ಟರು. ಕಟ್ಟಿಗೆ ಹಸಿಯಾಗಿತ್ತು, ಮಾವನವರಿಗೆ ಜಳಕಕ್ಕೆ ಹೊತ್ತಾಗಿತ್ತು.

ಕಾಕಾ ಬಂದು ನೋಡಿದ. ಗೂಟಕ್ಕೆ ಧೋತರ. ಗಂಟಿಲ್ಲ.

‘ನಮ್ಮವ್ವ ಎಲ್ಲಿ?’ ಎಂದು ಅವನು ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅತ್ತೆ ಗಾಬರಿಯಲ್ಲಿ ಬಚ್ಚಲ ಕಡೆ ಬೆರಳು ಮಾಡಿದರು. ಬಚ್ಚಲಲ್ಲಿ ನಮ್ಮ ಮಾವನವರು, ಮೈ ತುಂಬ ಸಬಕಾರ! ಕದ ತಳ್ಳಿ ಬೀಗರು ನುಗ್ಗಿ ಬಂದದ್ದು ಕಂಡು ಅವರು ಇದ್ದೊಂದು ತಂಬಿಗೆಯನ್ನು ಎಲ್ಲಿ ಹಿಡಿಯಬೇಕೋ ತಿಳಿಯದೆ ‘ಯಾಂವಲೇ! ಯಾಂವಲೇ!’ ಎಂದು ಅರಚತೊಡಗಿದರು. ಕಾಕಾ ಅವರ ಕಡೆ ನೋಡಲೂ ಇಲ್ಲ. ನೇರ ಒಲೆಯ ಬಾಯಿಗೆ ಕೈ ಹಾಕಿದ. ಹೊರಗೆ ಬಂದಾಗ ಕುಳ್ಳಿನ ಒಂದು ಅಂಚು ಕೆಂಪಗೆ ಹೊಗೆಯಾಡುತ್ತಿತ್ತು, ಅವನು ಅದನ್ನು ಅಂಗೈಯಿಂದಲೇ ಒತ್ತಿ ಆರಿಸಿದ. ಬೆರಳುಗಳು ಉಳಿದಿದ್ದವು, ನಾಲ್ಕೂವರೆಯೂ. ಕಾಕಾನ ಅಂಗೈ ಬೊಬ್ಬೆ ಎದ್ದಿತ್ತು.

ಅತ್ತೆ ನನ್ನ ಕಡೆ ತಿರುಗಿದರು. ‘ಏನೇ ಇದು, ಖರೆ ಹೇಳು.’

ನಾನು ಅಳುತ್ತಲೇ ಎಲ್ಲ ಹೇಳಿದೆ. ಗಾಡಿ, ಸೆಗಣಿ ಕೈ, ‘ಬಂದ ಮ್ಯಾಲ ಇಡುವಂತಿ.’ ಅತ್ತೆ ಕೇಳಿ ಒಳಗೆ ಹೋದರು. ಬಂದಾಗ ಒಂದು ಕೈಯಲ್ಲಿ ಕಾಕಾನ ಅಂಗೈಗೆ ಬೆಣ್ಣೆ, ಇನ್ನೊಂದು ಕೈಯಲ್ಲಿ ಪಡಸಾಲೆಯ ಗೋಡೆಗಿದ್ದ ತಮ್ಮ ಮಣಿಯ ಗಿಣಿ! ಅತ್ತೆ ತಾವೇ ಹಸಿರು ಮಣಿ ಪೋಣಿಸಿ, ಹೊಟ್ಟೆಗೆ ಅರಳೆ ತುಂಬಿ ಮಾಡಿದ ಉಬ್ಬು ಗಿಣಿ ಅದು. ಅದಕ್ಕೆ ಹಾಕಿದ ಕಟ್ಟು ಸಂದೂಕದಂತೆ ಆಳವಾಗಿತ್ತು. ದಿನಾ ಒರೆಸುತ್ತಿದ್ದರೂ ಆವರೆಗೆ ನಾನು ಗಮನಿಸಿರಲಿಲ್ಲ.

‘ಬಜಾರದ ಮಂದಿ ನನ್ನ ಗಿಣಿದೂ ಮೂಗು ಚಪ್ಪಟಿ ಮಾಡ್ಲಾಕ ನಿಂತಿದ್ರು’ ಎಂದರು ಅತ್ತೆ. ‘ಒಬ್ಬ ಚಾಚಾ ಇದ್ದಾನ, ಅಂವ ಮಾಡಿಕೊಟ್ಟ. ಏಳ್ರಿ ಬೀಗರ. ನಾನೇ ಬರ್ತೀನಿ.’

ಅತ್ತೆ ಬಜಾರಿಗೆ ಹೊರಟದ್ದನ್ನು ಬ್ರಹ್ಮಪುರದ ಓಣಿ ಕಿಟಕಿಯಲ್ಲಿ ನಿಂತು ನೋಡಿತು. ಮುಂದೆ ಅತ್ತೆ, ಹಿಂದೆ ಮಾವನವರ ಹಳೆಯ ಜೋಡು ಮೆಟ್ಟಿಕೊಂಡ ಕಾಕಾ, ಅವನ ಹಿಂದೆ ಸೆರಗು ಮುಚ್ಚಿಕೊಂಡ ನಾನು. ನಡುವೆ ಕುಳ್ಳು. ಥೇಟು ಮೆರವಣಿಗೆ!

ಅಂಗಡಿ ಒಂದು ಸಂದಿಯ ಕೊನೆಗಿತ್ತು, ಫಲಕವಿಲ್ಲ, ಬಾಗಿಲಲ್ಲಿ ಮರದ ಪಟ್ಟಿಗಳು ಒರಗಿದ್ದವು. ಚಾಚಾ ಎಂದರೆ ಬಿಳಿ ಗಡ್ಡದ ಸಾಬರು. ಅತ್ತೆಯನ್ನು ಕಂಡು, ‘ಆವೋ ಅಮ್ಮಾ, ಗಿಣಿ ಖೈರಿಯತ್ ಅದನಾ?’ ಎಂದರು. ಕಾಕಾ ಧೋತರ ಬಿಚ್ಚಿದ. ಇವರೂ ನಗುತ್ತಾರೆಂದು ನಾನು ತಲೆ ತಗ್ಗಿಸಿದೆ.

‘ಕಿಸ್ಕಾ ಹೈ ಗೌಡ್ರೆ, ಯಾರ್ದು ಈ ಕೈ?’

‘ನಮ್ಮವ್ವಂದರೀ.’

ಚಾಚಾ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ‘ನಸೀಬ್ ಛಲೋ ಅದ ನಿಮ್ದು’ ಎಂದರು. ‘ಆ ವರ್ಷ ನಮ್ಮ ಕಡೀನೂ ಬಾಳ್ ಲೋಗ್ ಹೋದ್ರು. ನನ್ನ ಅಮ್ಮೀದು ಇಷ್ಟು ಭೀ ಉಳದಿಲ್ಲ.’

ಆಮೇಲೆ ಚಾಚಾ ಹುಳು ಹತ್ತದಂತೆ ಒಳಗೆ ಕರ್ಪೂರ ಹಾಕಿ, ಗಾಜು ಕುಳ್ಳಿಗೆ ತಾಗದಂತೆ ಆಳವಾದ ಕಟ್ಟು ಮಾಡಿದರು. ಕೂಡಿಸುವಾಗ ಕೇಳಿದರು, ‘ಬೆರಳು ಮ್ಯಾಲೇ ಬರಬೇಕಲ್ಲ?’

‘ಕೆಳಗ ಬರಲಿ.’

‘ಉಲ್ಟಾ ಆಗತದ ಗೌಡ್ರೆ! ಅಮ್ಮ ಗೋಡಿಗೆ ಹಿಂಗ ಬಡದಿರ್ತಾರ.’ ಚಾಚಾ ತಮ್ಮ ಕೈ ಎತ್ತಿ ತೋರಿಸಿದರು.

‘ಇರಲಿರೀ. ಕೆಳಗೇ ಮಾಡ್ರಿ.’

ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಇಷ್ಟೆಲ್ಲ ಒದ್ದಾಡಿ ಕಡೆಗೆ ತಲೆಕೆಳಗು! ನಮ್ಮ ಕಾಕಾ ಎಂದರೆ ಸುಮ್ಮನೆಯೇ?

ಕಮಲಾಪುರದಲ್ಲಿ ಕಾಕಾ ಅದನ್ನು ಹಾಕಿದ ಜಾಗ ಇನ್ನೂ ಚೆಂದ. ತಲೆಬಾಗಿಲ ಒಳಗೆ, ಆಳೆತ್ತರಕ್ಕೂ ಕಡಿಮೆ ಎತ್ತರದಲ್ಲಿ, ಗೋಡೆಯಿಂದ ಮುಂದಕ್ಕೆ ಚಾಚುವಂತೆ ಗೂಟ ಹೊಡೆದು! ಬಂದವರಿಗೆಲ್ಲ ತಲೆಗೆ ಟಣ್ ಎಂದು ಬಡಿಯುತ್ತಿತ್ತು. ಊರ ಗೌಡರ ರುಮಾಲು ಅಲ್ಲಿ ಉದುರಿತು. ಬಳೆಗಾರನ ತಲೆ ಬುಗುಟೆದ್ದಿತು. ಎಲ್ಲರದೂ ಒಂದೇ ಮಾತು: ‘ಕುಳ್ಳಿಗಿ ಕಟ್ಟ ಹಾಕಿಸಿದ್ದು ಹುಚ್ಚು, ಉಲ್ಟಾ ಹಾಕಿದ್ದು ಹೆಚ್ಚಿನ ಹುಚ್ಚು, ಕೆಳಗ ಹಾಕಿದ್ದು...’ ಎಂದು ಅವರು ಮುಗಿಸುವುದರೊಳಗೆ ಇನ್ನೊಬ್ಬರಿಗೆ ಟಣ್!

ಪಂಚಮಿಗೆ ಅಣ್ಣ ಬಂದು ನನ್ನನ್ನು ತವರಿಗೆ ಕರೆದೊಯ್ದ. ಮುಂಜಾನೆ ನಾನು ಕಟ್ಟೆಯ ಮೇಲೆ, ಮೊದಲು ಕೂರುತ್ತಿದ್ದಲ್ಲೇ ಕೂತಿದ್ದೆ. ಕಾಕಾ ಎಣ್ಣೆ ಹಚ್ಚಿ ಕ್ರಾಪು ತೀಡಿಕೊಂಡು ಹೊಲಕ್ಕೆ ಹೊರಟ. ಹೊಸ್ತಿಲ ಹತ್ತಿರ ನಿಂತ. ಬಗ್ಗಿದ. ತಪ್ಪಿಸಿಕೊಳ್ಳಲಿಕ್ಕೆ ಅಲ್ಲ. ತಲೆಯನ್ನು ಆ ಗಾಜಿನ ಕೆಳಗೆ ಒಡ್ಡಿ, ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಎತ್ತುಗಳ ಕಡೆಗೆ ಹೋದ.

ಅವನು ಬದುಕಿದಷ್ಟು ದಿನವೂ ಹಾಗೆಯೇ ಹೋದ ಎಂದು ಅವ್ವ ಹೇಳುತ್ತಿದ್ದಳು.

ಕಾಕಾ ಹೋದ ಮೇಲೆ ಆ ಕಟ್ಟು ನನ್ನ ಪಾಲಿಗೆ ಬಂತು. ಸೆಗಣಿ ತಾನೇ ಎಷ್ಟು ವರ್ಷ ಇದ್ದೀತು? ಉದುರಿ ಉದುರಿ ಗಾಜಿನ ಹಿಂದೆ ಒಂದು ಹಿಡಿ ಪುಡಿ ಉಳಿದಿತ್ತು. ನಾನು ಅದನ್ನು ನನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ.

ಈಗ ಹೇಳುತ್ತೇನೆ, ಮೊಮ್ಮಗಳು ಮೊನ್ನೆ ತೋರಿಸಿದ್ದು ಏನೆಂದು. ಕೂಸಿನ ಕೈ! ಮೆತ್ತನೆಯ ಬಿಳಿ ಮಣ್ಣಿನಲ್ಲಿ ನನ್ನ ಮರಿಮಗಳ ಅಂಗೈ ಒತ್ತಿ, ಒಣಗಿಸಿ ಇಟ್ಟಿದ್ದಳು. ಈಗ ಹೀಗೆ ಮಾಡಿಸಿಕೊಳ್ಳುವುದು ದೊಡ್ಡ ಫ್ಯಾಶನ್ ಅಂತೆ! ಕೇಳಿದೆಯಾ ಕಾಕಾ? ನಿನ್ನ ಹುಚ್ಚು ಈಗ ಫ್ಯಾಶನ್!

‘ದಪ್ಪ ಅದ ಅಂತ ಯಾರೂ ಮಾಡವಲ್ರು ಆಯಿ’ ಎಂದು ಮೊಮ್ಮಗಳು ಮುಖ ಸಪ್ಪೆ ಮಾಡಿದಳು.

‘ಅಂಗಡಿ ಯಾಕವ್ವ?’ ಎಂದು ನಾನು ಟ್ರಂಕು ತೆಗೆದೆ.

ಚಾಚಾನ ಕೈಕೆಲಸ ಒಂದಿಷ್ಟೂ ಅಲುಗಿರಲಿಲ್ಲ. ಹಿಂದಿನ ಹಲಗೆ ಬಿಚ್ಚಿ ಮೊಮ್ಮಗಳು ಒಳಗಿನ ಪುಡಿ ಒರೆಸಲು ಅರಿವೆ ತಂದಳು. ‘ಒರಸಬ್ಯಾಡ, ಇರಲಿ’ ಎಂದೆ. ಅದರ ಮೇಲೆಯೇ ಕೂಸಿನ ಕೈ ಕೂಡಿಸಿದೆವು. ಪುಟ್ಟ ಕೈ, ಬೆರಳು ಪೂರಾ ಐದು! ಮೊಮ್ಮಗಳ ಗಂಡ ಸುತ್ತಿಗೆ ಹಿಡಿದು ಗೋಡೆಯ ಮೇಲ್ಗಡೆ ಮೊಳೆ ಇಟ್ಟ.

‘ಕೆಳಗಪ್ಪಾ, ಇನ್ನೂ ಕೆಳಗ’ ಎಂದೆ. ‘ಬಾಗಿಲ ಬಾಜೂಕ. ಬೆರಳು ಕೆಳಗ ಮಾಡಿ ಹಾಕು.’

‘ಉಲ್ಟಾ ಆಗತದಲ್ಲ ಆಯಿ! ಮತ್ತ ಬಂದವರ ತಲೀಗೆ ಬಡೀತದ!’

‘ಬಡೀಲಿ ಬಿಡು. ಬಡೀಲಂತನೇ ಹಾಕೂದು.’

ಅವನು ನಗುತ್ತಲೇ ಮೊಳೆ ಹೊಡೆದ. ನಾನು ಬೆನ್ನು ಬಾಗಿದವಳು, ಹೆಚ್ಚು ಬಗ್ಗಬೇಕಾಗಲಿಲ್ಲ. ಗುಡಿಗೆ ಹೊರಟಿದ್ದೆ, ತಲೆಗೆ ಆಗತಾನೆ ಎಣ್ಣೆ ಹಚ್ಚಿಕೊಂಡಿದ್ದೆ. ಹೊಸ್ತಿಲ ಹತ್ತಿರ ನಿಂತು, ಆ ಪುಟ್ಟ ಕೈಯ ಕೆಳಗೆ ತಲೆ ಒಡ್ಡಿದೆ.